ಎರಡನೇ ಚರಣ ಬಾಯಿಗೆ ಬರುವ ಹಾಡು

2024ರ ಡಿಸೆಂಬರ್ 14ರ ಶನಿವಾರ ಸಂಜೆ ನನ್ನ ತಂಗಿಯ ಮಗಳು ತನ್ನ ಫೋನನ್ನು ನನ್ನ ಕಣ್ಣ ಮುಂದೆ ಹಿಡಿದು, "ದೊಡ್ಡಮ್ಮ, ಇದೇನು ನಡೀತಿದೆ ಹೇಳು ನೋಡೋಣ" ಎಂದು ಕೇಳಿದಳು. ಮುಸ್ಸಂಜೆಯ ಅಗಲವಾದ ರಸ್ತೆ, ಕಣ್ಣು ಹಾಯಿಸಿದಷ್ಟೂ ಜನ, ಅವರ ಕೈಗಳಲ್ಲಿ ಗುಲಾಬಿ, ಹಸಿರು, ನೀಲಿ, ಬಿಳಿ ಬಣ್ಣದ ದೀಪದ ಕೋಲುಗಳು. ದಪ್ಪ ಕೋಟು ತೊಟ್ಟ ಹುಡುಗಿಯರು ಒಬ್ಬರನ್ನೊಬ್ಬರು ಅಪ್ಪಿಕೊಂಡು ಅಳುತ್ತಲೇ ಕುಣಿಯುತ್ತಿದ್ದರು, ಹಿನ್ನೆಲೆಯಲ್ಲಿ ಲವಲವಿಕೆಯ ಸಿನಿಮಾ ಹಾಡಿನಂಥ ಒಂದು ಹಾಡು. "ನಿಮ್ಮ ಕೊರಿಯಾದವರ ಯಾವುದೋ ಸಂಗೀತ ಕಾರ್ಯಕ್ರಮ" ಎಂದೆ. ಅವಳು ನಕ್ಕಳು. "ಅಲ್ಲ, ಅಧ್ಯಕ್ಷನನ್ನ ಈಗ ತಾನೇ ಇಳಿಸಿದ್ದಾರೆ."

ಅದು ಸೋಲ್ ನಗರದ ಯೊಯಿದೊ ಪ್ರದೇಶ, ದಕ್ಷಿಣ ಕೊರಿಯಾದ ಸಂಸತ್ ಭವನದ ಎದುರಿನ ರಸ್ತೆ. ಹನ್ನೊಂದು ದಿನಗಳ ಹಿಂದೆ, ಡಿಸೆಂಬರ್ 3ರ ರಾತ್ರಿ ಹತ್ತೂವರೆಯ ಹೊತ್ತಿಗೆ ಅಧ್ಯಕ್ಷ ಯೂನ್ ಸುಕ್ ಯೋಲ್ ಟಿ.ವಿ.ಯಲ್ಲಿ ಕಾಣಿಸಿಕೊಂಡು ದೇಶದಲ್ಲಿ ಸೇನಾ ಕಾನೂನು ಜಾರಿಯಾಗಿದೆ ಎಂದು ಘೋಷಿಸಿದ್ದರು. ಸೈನಿಕರು ಸಂಸತ್ತಿನೊಳಗೆ ನುಗ್ಗಿದರು, ಸಂಸದರು ಬೇಲಿ ಹಾರಿ ಒಳಗೆ ಹೋದರು, ನಡುರಾತ್ರಿ ಒಂದು ಗಂಟೆಗೆ ಸಭೆಯಲ್ಲಿದ್ದ 190 ಮಂದಿಯೂ ಆ ಆದೇಶದ ವಿರುದ್ಧ ಮತ ಹಾಕಿದರು, ಬೆಳಗಾಗುವಷ್ಟರಲ್ಲಿ ಆದೇಶ ಹಿಂದಕ್ಕೆ ಹೋಯಿತು. ಡಿಸೆಂಬರ್ 7ರಂದು ಅಧ್ಯಕ್ಷರ ಪದಚ್ಯುತಿಗೆ ಬಂದ ನಿರ್ಣಯ, ಆಳುವ ಪಕ್ಷದ ಬಹುತೇಕ ಸಂಸದರು ಎದ್ದು ಹೊರನಡೆದುದರಿಂದ, ಬಿದ್ದುಹೋಯಿತು. 14ರಂದು ಎರಡನೆಯ ಬಾರಿ ಮತದಾನವಾಗಿ 204 ಮತಗಳು ನಿರ್ಣಯದ ಪರವಾಗಿ ಬಿದ್ದವು. ಅಂತಿಮ ತೀರ್ಪು ಸಾಂವಿಧಾನಿಕ ನ್ಯಾಯಾಲಯದ ಕೈಯಲ್ಲಿದ್ದರೂ ಅಧ್ಯಕ್ಷರ ಅಧಿಕಾರ ಆ ಕ್ಷಣಕ್ಕೆ ಅಮಾನತಾಯಿತು. ಫಲಿತಾಂಶ ಧ್ವನಿವರ್ಧಕದಲ್ಲಿ ಕೇಳಿದ ಕೂಡಲೇ ಆ ಜನಸಾಗರ ಹಾಡಿದ್ದು ರಾಷ್ಟ್ರಗೀತೆಯನ್ನಲ್ಲ, ಹಳೆಯ ಯಾವ ಹೋರಾಟದ ಹಾಡನ್ನೂ ಅಲ್ಲ. 2007ರಲ್ಲಿ ಗರ್ಲ್ಸ್ ಜನರೇಶನ್ ಎಂಬ ಒಂಬತ್ತು ಹದಿಹರೆಯದ ಹುಡುಗಿಯರ ತಂಡ ತನ್ನ ಮೊದಲ ಹಾಡಾಗಿ ಹೊರತಂದ 'ಇನ್‌ಟು ದ ನ್ಯೂ ವರ್ಲ್ಡ್' ಅನ್ನು. ಕೊರಿಯನ್ ಭಾಷೆಯಲ್ಲಿ ಅದರ ಹೆಸರಿನ ಅರ್ಥ 'ಮತ್ತೆ ಭೇಟಿಯಾದ ಜಗತ್ತು' ಎಂದು. ಅಲ್ಲಿಯ ಮಕ್ಕಳು ಚುಟುಕಾಗಿ 'ದಮನ್ಸೆ' ಎನ್ನುತ್ತಾರಂತೆ.

ಈ ಹಾಡು ಯಾಕೆ ಎಂಬುದೇ ನನ್ನ ತಲೆಯಲ್ಲಿ ಹೊಕ್ಕ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುವ ಮುನ್ನ ನನ್ನದೇ ಒಂದು ಹಳೆಯ ಅವಮಾನವನ್ನು ಇಲ್ಲಿ ಹೇಳಿಕೊಳ್ಳಬೇಕು.

ಮೂವತ್ತು ವರ್ಷಗಳ ಹಿಂದೆ ನಾನು ಪದವಿ ಓದುತ್ತಿದ್ದ ಕಾಲೇಜಿನಲ್ಲಿ ಶುಲ್ಕ ಏರಿಸಿದರು. ನಾವು ಎಪ್ಪತ್ತು ಎಂಬತ್ತು ಮಂದಿ ಮೆರವಣಿಗೆಯಲ್ಲಿ ಹೋಗಿ ಜಿಲ್ಲಾಧಿಕಾರಿ ಕಚೇರಿಯ ಗೇಟಿನ ಮುಂದೆ ಕೂತೆವು. ತಮಟೆ ಹಿಡಿದು ಹಾಡು ಹೇಳಿಕೊಡುತ್ತಿದ್ದ ಹಿರಿಯ ವಿದ್ಯಾರ್ಥಿಯೊಬ್ಬ ನಮ್ಮ ಜೊತೆಗಿದ್ದ. ಅವನು ಚರಣ ಹೇಳುತ್ತಿದ್ದ, ನಾವು ಪಲ್ಲವಿ ಎತ್ತಿಕೊಳ್ಳುತ್ತಿದ್ದೆವು. ಮನವಿಪತ್ರ ಕೊಡಲು ಅವನನ್ನು ಒಳಗೆ ಕರೆದರು, ತಮಟೆಯನ್ನು ನನ್ನ ಪಕ್ಕದವಳ ಕೈಗೆ ಕೊಟ್ಟು ಅವನು ಹೋದ. ನಾವು ಪಲ್ಲವಿ ಹಾಡಿದೆವು. ಮತ್ತೊಮ್ಮೆ ಹಾಡಿದೆವು. ಮೊದಲ ಚರಣದ ಅರ್ಧ ಯಾರಿಗೋ ನೆನಪಿತ್ತು, ಎರಡನೆಯದು ಒಬ್ಬರಿಗೂ ಗೊತ್ತಿರಲಿಲ್ಲ. ಬಿಸಿಲಿನಲ್ಲಿ ಹತ್ತು ನಿಮಿಷ ಒಂದೇ ಪಲ್ಲವಿಯನ್ನು ತಿರುವಿ ಮುರುವಿ ಹಾಡಿದ ಮೇಲೆ, ಗೇಟಿನ ಬಳಿ ನಿಂತಿದ್ದ ವಯಸ್ಸಾದ ಪೇದೆಯೊಬ್ಬರು, "ಮುಂದಕ್ಕೂ ಹೋಗ್ರಮ್ಮ, ಅಲ್ಲೇ ನಿಂತ್ರಿ" ಎಂದರು. ಎಲ್ಲರೂ ನಕ್ಕೆವು. ನಕ್ಕ ಮೇಲೆ ಆ ಗುಂಪು ಮತ್ತೆ ಗುಂಪಾಗಲಿಲ್ಲ. ಒಬ್ಬೊಬ್ಬರಾಗಿ ಎದ್ದು ಎಳನೀರಿನ ಗಾಡಿಯ ಕಡೆಗೆ ನಡೆದೆವು.

ಆ ಹಾಡು ಒಳ್ಳೆಯ ಹಾಡೇ. ಆದರೆ ಅದು ನಮ್ಮ ಬಾಯಲ್ಲಿ ಬೆಳೆದ ಹಾಡಾಗಿರಲಿಲ್ಲ, ನಮಗಿಂತ ಹಿಂದಿನವರಿಂದ ಎರವಲು ತಂದದ್ದಾಗಿತ್ತು. ಬೀದಿಯಲ್ಲಿ ಗುಂಪಾಗಿ ನಿಂತಾಗ ಹಾಡಿನಲ್ಲಿ ಕ್ರಾಂತಿಯ ಮಾತು ಎಷ್ಟಿದೆ ಎಂಬುದಕ್ಕಿಂತ, ಮುಂದಾಳು ಇಲ್ಲದಿದ್ದಾಗಲೂ ಅದು ಎರಡನೇ ಚರಣ ದಾಟಿ ಹೋಗುತ್ತದೆಯೇ ಎಂಬುದೇ ಮುಖ್ಯ ಎಂದು ನನಗೆ ಅನ್ನಿಸಿದ್ದು ಅಂದಲ್ಲ, ಸೋಲ್‌ನ ಈ ವಿಡಿಯೊ ನೋಡಿದ ಮೇಲೆ.

'ದಮನ್ಸೆ' ಬೀದಿಗೆ ಬಂದದ್ದು 2016ರ ಜುಲೈನಲ್ಲಿ. ಸೋಲ್‌ನ ಇಹ್ವಾ ಮಹಿಳಾ ವಿಶ್ವವಿದ್ಯಾಲಯ ಕೆಲಸಕ್ಕೆ ಹೋಗುವವರಿಗಾಗಿ ಪದವಿ ಕೊಡುವ ಹೊಸದೊಂದು ಕಾಲೇಜು ತೆರೆಯಲು ಹೊರಟಿತ್ತು. ಯಾರನ್ನೂ ಕೇಳದೆ ಮಾಡುತ್ತಿರುವ ಪದವಿ ವ್ಯಾಪಾರ ಇದು ಎಂದು ವಿದ್ಯಾರ್ಥಿನಿಯರು ಮುಖ್ಯ ಕಟ್ಟಡದಲ್ಲಿ ಧರಣಿ ಕೂತರು. ಕೆಲವು ಪ್ರಾಧ್ಯಾಪಕರನ್ನು ಹೊರಗೆ ಹೋಗಲು ಬಿಡಲಿಲ್ಲ ಎಂಬುದೂ ನಿಜ. ಜುಲೈ 30ರಂದು ಸುಮಾರು 1,600 ಪೊಲೀಸರು ಆವರಣದೊಳಗೆ ಬಂದರು. ಒಳಗೆ ಇದ್ದದ್ದು ಒಂದಿನ್ನೂರು ಹುಡುಗಿಯರು. ತೋಳಿಗೆ ತೋಳು ಕೊಂಡಿ ಹಾಕಿ ಕೂತಿದ್ದ ಅವರು, ಪೊಲೀಸರು ಒಬ್ಬೊಬ್ಬರನ್ನೇ ಎಳೆದು ಹೊರಹಾಕುವ ಮುಂಚೆ, ಹಾಡತೊಡಗಿದರು. ಹಾಡಿದ್ದು 'ದಮನ್ಸೆ'. ಆ ವಿಡಿಯೊದಲ್ಲಿ ಶ್ರುತಿ ಇಲ್ಲ, ತಾಳ ಇಲ್ಲ, ಅರ್ಧ ಮಂದಿಯ ಗಂಟಲು ಬಿಗಿದಿದೆ. ಆದರೆ ಪದ ಮಾತ್ರ ಒಬ್ಬರಿಗೂ ತಪ್ಪುವುದಿಲ್ಲ.

ಅವರು ಆ ಹಾಡನ್ನು ಆರಿಸಿದ್ದಕ್ಕೆ ದೊಡ್ಡ ತತ್ತ್ವವೇನೂ ಇರಲಿಲ್ಲ. ಕೊರಿಯಾದಲ್ಲಿ 'ಮಿನ್‌ಜುಂಗ್ ಗಯೊ', ಅಂದರೆ ಜನರ ಹಾಡುಗಳು, ಎಂಬ ದೊಡ್ಡ ಪರಂಪರೆಯೇ ಇದೆ. ಎಂಬತ್ತರ ದಶಕದ ವಿದ್ಯಾರ್ಥಿಗಳಿಗೆ ಅವೆಲ್ಲ ಬಾಯಿಪಾಠ. ಇಹ್ವಾದ ಹುಡುಗಿಯರಿಗೆ ಅವು ಗೊತ್ತಿರಲಿಲ್ಲ, ಗೊತ್ತಿದ್ದವರಿಗೂ ತಾವು ವೃತ್ತಿಪರ ಚಳವಳಿಗಾರರ ಕಡೆಯವರು ಎಂದು ಯಾರೂ ಬೆರಳು ತೋರಿಸಬಾರದು ಎಂಬ ಎಚ್ಚರವಿತ್ತು. ಹೊರಗಿನ ಸಂಘಟನೆಗಳನ್ನು ಅವರು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಈ ಮಡಿವಂತಿಕೆಯನ್ನು ಅಲ್ಲಿಯ ಹಿರಿಯ ಚಳವಳಿಗಾರರು ಟೀಕಿಸಿದ್ದು ನನಗೆ ಸರಿಯೆಂದೇ ತೋರುತ್ತದೆ. ಏನೇ ಇರಲಿ, ಪ್ರಾಥಮಿಕ ಶಾಲೆಯಲ್ಲಿದ್ದಾಗ ಟಿ.ವಿ. ಮುಂದೆ ನಿಂತು ಕುಣಿದು ಕಲಿತ ಹಾಡು ಎಲ್ಲರಿಗೂ ಬರುತ್ತಿತ್ತು. ಅಪರಿಚಿತ ದಾರಿಯಲ್ಲಿ ಜೊತೆಯಾಗಿ ಹೆಜ್ಜೆ ಇಡುವ ಹುಡುಗಿಯರ ಹಾಡು ಅದು. ಪ್ರೇಮಗೀತೆಯಾಗಿ ಕೇಳಿದವರಿಗೆ ಪ್ರೇಮ, ಪೊಲೀಸರ ಮುಂದೆ ಹಾಡಿದವರಿಗೆ ಬೇರೆಯದೇ ಅರ್ಥ.

ಆಗಸ್ಟ್ 3ಕ್ಕೆ ವಿಶ್ವವಿದ್ಯಾಲಯ ಆ ಯೋಜನೆ ಕೈಬಿಟ್ಟಿತು, ಧರಣಿ ಮುಂದುವರಿಯಿತು, ಅದೇ ವಿಶ್ವವಿದ್ಯಾಲಯದಲ್ಲಿ ಆಗಿನ ಅಧ್ಯಕ್ಷೆ ಪಾರ್ಕ್ ಗ್ಯೂನ್ ಹೇ ಅವರ ಆಪ್ತ ಗೆಳತಿಯ ಮಗಳಿಗೆ ನಿಯಮ ಮೀರಿ ಪ್ರವೇಶ ಕೊಟ್ಟ ಸಂಗತಿಯೂ ಹೊರಬಿತ್ತು. ಆ ದಾರ ಹಿಡಿದು ಎಳೆಯುತ್ತಾ ಹೋದಾಗ ಸರ್ಕಾರವೇ ಬಿಚ್ಚಿಕೊಂಡಿತು. 2016ರ ಚಳಿಗಾಲದ ಶನಿವಾರಗಳಂದು ಲಕ್ಷಾಂತರ ಜನ ಮೇಣದಬತ್ತಿ ಹಿಡಿದು ನಿಂತರು. ಆಳುವ ಪಕ್ಷದ ಸಂಸದರೊಬ್ಬರು ಗಾಳಿ ಬೀಸಿದರೆ ಮೇಣದಬತ್ತಿ ಆರಿಹೋಗುತ್ತದೆ ಎಂದು ಹಂಗಿಸಿದ ಮೇಲೆ, ಗಾಳಿಗೆ ಆರದ ಬ್ಯಾಟರಿ ದೀಪಗಳು ಬೀದಿಗೆ ಬಂದವು. ಅವುಗಳ ಜೊತೆಯಲ್ಲಿ ಅಲ್ಲೊಂದು ಇಲ್ಲೊಂದು ಪಾಪ್ ತಂಡಗಳ ಅಭಿಮಾನಿಗಳು ಹಿಡಿಯುವ ದೀಪದ ಕೋಲು, ಅಂದರೆ ಲೈಟ್ ಸ್ಟಿಕ್ಕೂ ಕಾಣಿಸಿತು. ಎಂಟು ವರ್ಷದ ನಂತರ ಅದೇ ಇಡೀ ರಸ್ತೆಯನ್ನು ಬೆಳಗಿಸಿತು.

ಈ ಲೈಟ್ ಸ್ಟಿಕ್ ಒಂದು ನಮ್ಮ ಮನೆಯ ಕಪಾಟಿನಲ್ಲೂ ಇದೆ. ತಂಗಿಯ ಮಗಳು ಟ್ಯೂಷನ್ ಹೇಳಿ ಗಳಿಸಿದ ದುಡ್ಡಿನಲ್ಲಿ ತರಿಸಿಕೊಂಡದ್ದು, ಕಸ್ಟಮ್ಸ್ ಸುಂಕ ಸೇರಿ ಬಂದ ಬೆಲೆಯನ್ನು ಅವಳ ಅಮ್ಮನಿಗೆ ಇಂದಿಗೂ ಹೇಳಿಲ್ಲ. ಹಿಡಿ ಬಿಳಿ ಪ್ಲಾಸ್ಟಿಕ್, ಮೇಲೆ ಪಾರದರ್ಶಕ ಗೋಳ, ಬುಡದ ಮುಚ್ಚಳ ತಿರುಗಿಸಿದರೆ ಮೂರು ಸಣ್ಣ ಸೆಲ್. ಒಂದೊಂದು ತಂಡದ್ದು ಒಂದೊಂದು ಆಕಾರ: ಒಂದು ತಂಡದ್ದು ಮೂಲಂಗಿಯಂತೆ, ಇನ್ನೊಂದರದ್ದು ಹಸಿರು ಇಟ್ಟಿಗೆಗೆ ಹಿಡಿ ಹಾಕಿದಂತೆ. ಅದರ ಒಳಗಿನ ಕರಾಮತ್ತನ್ನು ಅವಳು ವಿವರಿಸಿದಾಗ ನಾನು ಬೆರಗಾದೆ. ಕಾರ್ಯಕ್ರಮಕ್ಕೆ ಹೋದವರು ಅದನ್ನು ಬ್ಲೂಟೂತ್ ಮೂಲಕ ಫೋನಿಗೆ ಜೋಡಿಸಿ ತಮ್ಮ ಆಸನದ ಸಂಖ್ಯೆಯನ್ನು ನಮೂದಿಸಬೇಕು. ಆಮೇಲೆ ಅದರ ಬಣ್ಣ ಅವರ ಕೈಯಲ್ಲಿಲ್ಲ. ವೇದಿಕೆಯ ಹಿಂದೆ ಕೂತವರು ಗುಂಡಿ ಒತ್ತಿದರೆ ಕ್ರೀಡಾಂಗಣದ ಸಾವಿರಾರು ಕೋಲುಗಳು ಒಟ್ಟಿಗೆ ಕೆಂಪಾಗುತ್ತವೆ, ಒಟ್ಟಿಗೆ ನೀಲಿಯಾಗುತ್ತವೆ, ಅಲೆಯಂತೆ ಹಾಯುತ್ತವೆ. ಯೊಯಿದೊದ ರಸ್ತೆಯಲ್ಲಿ ಅಂಥ ನಿಯಂತ್ರಣವಿರಲಿಲ್ಲ. ಪ್ರತಿಯೊಂದು ಕೋಲೂ ತನ್ನ ಬಣ್ಣದಲ್ಲೇ ಉರಿಯುತ್ತಿತ್ತು. ಮಾಮೂಲು ದಿನಗಳಲ್ಲಿ ಯಾವ ತಂಡ ದೊಡ್ಡದು ಎಂದು ಅಂತರ್ಜಾಲದಲ್ಲಿ ಕಿತ್ತಾಡುವ ಅಭಿಮಾನಿಗಳ ದೀಪಗಳು ಅಕ್ಕಪಕ್ಕದಲ್ಲಿದ್ದವು. ನಾನು ಮೊದಲು ನೋಡಿ ಸಂಗೀತ ಕಾರ್ಯಕ್ರಮ ಎಂದದ್ದು ಎಷ್ಟು ತಪ್ಪು ಎಂದು ಆ ಬಣ್ಣಗಳ ಗಜಿಬಿಜಿಯೇ ಹೇಳುತ್ತಿತ್ತು, ನನಗೆ ಓದಲು ಬರಲಿಲ್ಲ ಅಷ್ಟೆ.

ಇದೆಲ್ಲ ಹುಡುಗಾಟಿಕೆ ಎಂದು ಮೂಗು ಮುರಿದವರು ಅಲ್ಲೂ ಇದ್ದರು, ಇಲ್ಲಿ ನನ್ನ ಸ್ನೇಹಿತರಲ್ಲೂ ಇದ್ದಾರೆ. ಆದರೆ ಚಳಿಯಲ್ಲಿ ಗಂಟೆಗಟ್ಟಲೆ ಕಾಯುವುದು, ಕೈ ಬೆಚ್ಚಗಿಡುವ ಪೊಟ್ಟಣ, ತಿಂಡಿಗಳನ್ನು ಗುರುತಿಲ್ಲದವರ ಜೊತೆ ಹಂಚಿಕೊಳ್ಳುವುದು, ಹಾಡಿನ ಯಾವ ತಾಳಕ್ಕೆ ಗುಂಪು ಒಟ್ಟಿಗೆ ಯಾವ ಹೆಸರು ಕೂಗಬೇಕೆಂದು ಮೊದಲೇ ಕಲಿತಿರುವುದು, ಇವೆಲ್ಲ ಅಭಿಮಾನಿಗಳ ದಿನನಿತ್ಯದ ಅಭ್ಯಾಸ. ಗಾಯಕಿಯ ಹೆಸರು ಬರುತ್ತಿದ್ದ ಜಾಗದಲ್ಲಿ ಅವರು ಪದಚ್ಯುತಿಯ ಘೋಷಣೆಯನ್ನು ಕೂರಿಸಿದರು, ತಾಳ ತಪ್ಪಲಿಲ್ಲ. ಆಗಷ್ಟೇ ಬಂದಿದ್ದ ಎಸ್ಪಾ ತಂಡದ 'ವಿಪ್ಲ್ಯಾಶ್', ರೋಸೆ ಹಾಡಿದ 'ಅಪಟ್' ಎಲ್ಲವೂ ಘೋಷಣೆಗೆ ಒದಗಿದವು. ಬರಲಾಗದವರು ಸಂಸತ್ ಭವನದ ಸುತ್ತಲಿನ ಕಾಫಿ ಅಂಗಡಿಗಳಿಗೆ ಮುಂಗಡವಾಗಿ ಹಣ ಕಟ್ಟಿ, ಪ್ರತಿಭಟನೆಗೆ ಬಂದವರಿಗೆ ನೂರು ಕಾಫಿ ಕೊಡಿ ಎಂದು ಹೇಳಿಟ್ಟರು.

ಹಳೆಯ ಹಾಡುಗಳು ಏನಾದವು ಎಂಬುದು ನನ್ನ ವಯಸ್ಸಿನವರಿಗೆ ಸಹಜವಾಗಿ ಏಳುವ ಪ್ರಶ್ನೆ. ಅವುಗಳ ಕತೆ ಕೇಳಿದರೆ ಅವೂ ಎಲ್ಲವೂ ಹೋರಾಟಕ್ಕೆಂದೇ ಹುಟ್ಟಿದವಲ್ಲ ಎಂದು ತಿಳಿಯುತ್ತದೆ. 'ಅಚಿಮ್ ಇಸುಲ್', ಅಂದರೆ 'ಬೆಳಗಿನ ಇಬ್ಬನಿ', ಕಿಮ್ ಮಿನ್ ಗಿ ಎಂಬ ಚಿತ್ರಕಲೆಯ ವಿದ್ಯಾರ್ಥಿ ಬರೆದ ಹಾಡು. 1971ರಲ್ಲಿ ಯಾಂಗ್ ಹೀ ಉನ್ ಅವರ ಕಂಠದಲ್ಲಿ ಪ್ರಸಿದ್ಧವಾಯಿತು. ತನ್ನೊಳಗಿನ ತಳಮಳವನ್ನು ಹಾಡಿಕೊಳ್ಳುವ ಮೆಲುದನಿಯ ಗೀತೆ. ಸರ್ಕಾರ ಅದನ್ನು ಮೊದಲು ಸದಭಿರುಚಿಯ ಗೀತೆಗಳ ಸಾಲಿಗೆ ಸೇರಿಸಿತ್ತು! ವಿದ್ಯಾರ್ಥಿಗಳು ಬೀದಿಯಲ್ಲಿ ಹಾಡತೊಡಗಿದ ಮೇಲೆ, 1975ರಲ್ಲಿ, ನಿಷೇಧಿಸಿತು. ಹನ್ನೆರಡು ವರ್ಷ ಕಳೆದು 1987ರ ಜುಲೈ 9ರಂದು, ಅಶ್ರುವಾಯು ಶೆಲ್ ತಲೆಗೆ ಬಡಿದು ಸತ್ತ ಯೊನ್ಸೆ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀ ಹಾನ್ ಯೋಲ್ ಅವರ ಶವಯಾತ್ರೆಗೆ ಸೋಲ್‌ನ ಪುರಭವನದ ಮುಂದೆ ಸೇರಿದ ಭಾರಿ ಜನಸಮೂಹ ಅದನ್ನು ಹಾಡಿತು. ಆ ಗುಂಪಿನಲ್ಲಿ ಕಿಮ್ ಕೂಡ ಇದ್ದರು. ಅದು ಇನ್ನು ತಮ್ಮ ಹಾಡಲ್ಲ ಎಂದು ಆ ಹೊತ್ತು ತಮಗೆ ಅನ್ನಿಸಿತೆಂದು ಅವರು ಎಷ್ಟೋ ವರ್ಷಗಳ ನಂತರ ಹೇಳಿಕೊಂಡರು. 2024ರ ಜುಲೈನಲ್ಲಿ ಅವರು ತೀರಿಕೊಂಡರು. ಇನ್ನೈದು ತಿಂಗಳು ಬದುಕಿದ್ದರೆ ಸೇನಾ ಕಾನೂನನ್ನು ಇನ್ನೊಮ್ಮೆ ನೋಡಬೇಕಾಗುತ್ತಿತ್ತು.

ಇನ್ನೊಂದು ಹಾಡು ಮಾತ್ರ ಸಾವಿನ ಮನೆಯಲ್ಲೇ ಹುಟ್ಟಿದ್ದು. 1980ರ ಮೇ ತಿಂಗಳಲ್ಲಿ ಗ್ವಾಂಗ್ಜು ನಗರದಲ್ಲಿ ಸೇನಾಡಳಿತದ ವಿರುದ್ಧ ಎದ್ದ ಜನರ ಮೇಲೆ ಸೈನ್ಯ ಗುಂಡು ಹಾರಿಸಿತು. ಮೇ 27ರ ಬೆಳಗಿನ ಜಾವ ಪ್ರಾಂತ್ಯದ ಕಚೇರಿಯನ್ನು ಬಿಟ್ಟುಕೊಡದೆ ನಿಂತು ಸತ್ತವರಲ್ಲಿ ಯೂನ್ ಸಾಂಗ್ ವೊನ್ ಒಬ್ಬರು. ಅವರೊಂದಿಗೆ ಕಾರ್ಮಿಕರ ರಾತ್ರಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಪಾರ್ಕ್ ಗಿ ಸೂನ್ ಅದಕ್ಕೆ ಒಂದೂವರೆ ವರ್ಷ ಮೊದಲೇ, 1978ರ ಡಿಸೆಂಬರ್‌ನಲ್ಲಿ, ಇದ್ದಿಲು ಬಿಲ್ಲೆಯ ಹೊಗೆಯಿಂದ ಉಸಿರುಗಟ್ಟಿ ತೀರಿಹೋಗಿದ್ದರು. 1982ರ ಫೆಬ್ರುವರಿಯಲ್ಲಿ ಮನೆಯವರು ಆ ಇಬ್ಬರಿಗೂ ಸ್ಮಶಾನದಲ್ಲಿ ಆತ್ಮಗಳ ಮದುವೆ ಮಾಡಿಸಿದರು. ನಮ್ಮ ಕರಾವಳಿಯವರಿಗೆ ಈ ಪದ್ಧತಿಯನ್ನು ವಿವರಿಸಬೇಕಾಗಿಲ್ಲ. ತುಳುನಾಡಿನಲ್ಲಿ ಸತ್ತ ಮಕ್ಕಳಿಗೆ ಆಷಾಢದಲ್ಲಿ ಮದುವೆ ಮಾಡಿಸುವುದನ್ನು ಅವರು ಕಂಡಿದ್ದಾರೆ. ಆ ಇಬ್ಬರ ನೆನಪಿಗೆ ಕಟ್ಟಿದ ಸಂಗೀತ ರೂಪಕದ ಕೊನೆಯ ಹಾಡು 'ಪ್ರಿಯರಿಗಾಗಿ ನಡೆಗೀತೆ'. ಬೇಕ್ ಗಿ ವಾನ್ ಅವರ ಕವಿತೆಯೊಂದರಿಂದ ಸಾಲುಗಳನ್ನು ತೆಗೆದು ಹಾಡಾಗಿಸಿದವರು ಕಾದಂಬರಿಕಾರ ಹ್ವಾಂಗ್ ಸೋಕ್ ಯೋಂಗ್, ರಾಗ ಹಾಕಿದವನು ಅಲ್ಲಿಯ ವಿಶ್ವವಿದ್ಯಾಲಯದ ವಿದ್ಯಾರ್ಥಿ ಕಿಮ್ ಜೋಂಗ್ ರ್‍ಯುಲ್. ದನಿ ಹೊರಗೆ ಹೋಗದಂತೆ ಕಾದಂಬರಿಕಾರರ ಮನೆಯ ಕಿಟಕಿಗಳಿಗೆ ಕಂಬಳಿ ಕಟ್ಟಿ ಸಾಧಾರಣ ಟೇಪ್ ರೆಕಾರ್ಡರಿನಲ್ಲಿ ಅದನ್ನು ಮುದ್ರಿಸಿಕೊಂಡರು. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ನಕಲಾಗುತ್ತಾ ಅದು ದೇಶವನ್ನೆಲ್ಲ ಸುತ್ತಿತು, ಆಮೇಲೆ ದೇಶವನ್ನೂ ದಾಟಿತು. 2019ರ ಜೂನ್ 14ರಂದು ಹಾಂಗ್‌ಕಾಂಗ್‌ನ ಚಾಟರ್ ಗಾರ್ಡನ್‌ನಲ್ಲಿ ತಾಯಂದಿರು ಸೇರಿದ್ದ ಸಭೆಯಲ್ಲಿ ಒಬ್ಬಾಕೆ ಗಿಟಾರ್ ಹಿಡಿದು, ಇದು ಗ್ವಾಂಗ್ಜುವಿನ ಹಾಡು ಎಂದು ಹೇಳಿ ಕ್ಯಾಂಟನೀಸ್ ಭಾಷೆಯಲ್ಲಿ ಹಾಡಿದರು.

2024ರ ಚಳಿಗಾಲದಲ್ಲಿ ಈ ಎರಡು ಬಗೆಯ ಹಾಡುಗಳು ಒಂದೇ ರಸ್ತೆಯಲ್ಲಿ ಎದುರಾದವು. ಐವತ್ತರ ಗಂಡಸರು ಪಾಪ್ ಹಾಡುಗಳ ಪಟ್ಟಿ ತರಿಸಿಕೊಂಡು ಮೆಟ್ರೊದಲ್ಲಿ ಕೇಳುತ್ತಾ ಕಲಿತರು; ಇಪ್ಪತ್ತರ ಹುಡುಗಿಯರು 'ನಡೆಗೀತೆ'ಯ ಸಾಲುಗಳನ್ನು ಹುಡುಕಿ ಬಾಯಿಪಾಠ ಮಾಡಿದರು. ಡಿಸೆಂಬರ್ 21ರ ರಾತ್ರಿ ನಾಮ್‌ತೆರ್‍ಯೋಂಗ್ ಎಂಬ ಕಣಿವೆಯ ರಸ್ತೆಯಲ್ಲಿ ನಡೆದದ್ದಂತೂ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ದಕ್ಷಿಣದ ಪ್ರಾಂತ್ಯಗಳಿಂದ ಹೊರಟು ಐದಾರು ದಿನ ಟ್ರ್ಯಾಕ್ಟರ್ ಓಡಿಸಿಕೊಂಡು ಬಂದಿದ್ದ ರೈತರನ್ನು ಪೊಲೀಸರು ಸೋಲ್‌ನ ಗಡಿಯಲ್ಲಿ ಬಸ್ಸುಗಳನ್ನು ಅಡ್ಡ ನಿಲ್ಲಿಸಿ ತಡೆದರು. 1894ರ ರೈತ ದಂಗೆಯ ನಾಯಕ ಜೋನ್ ಬೋಂಗ್ ಜುನ್ ಹೆಸರನ್ನು ಆ ದಂಡು ಇಟ್ಟುಕೊಂಡಿತ್ತು. ಸುದ್ದಿ ಫೋನುಗಳಲ್ಲಿ ಹರಡಿತು. ವರ್ಷದ ಅತಿ ದೀರ್ಘ ರಾತ್ರಿ, ಸೊನ್ನೆಗಿಂತ ಕೆಳಗಿನ ಚಳಿ, ಆದರೂ ಲೈಟ್ ಸ್ಟಿಕ್ ಹಿಡಿದ ನೂರಾರು ಹುಡುಗಿಯರು ಮೆಟ್ರೊ ಹತ್ತಿ ಬಂದು ಟ್ರ್ಯಾಕ್ಟರುಗಳ ಪಕ್ಕದಲ್ಲಿ ಕೂತರು. ಬೆಳಗಾಗುವವರೆಗೆ ಒಬ್ಬರಾದ ಮೇಲೊಬ್ಬರು ಮೈಕಿನ ಮುಂದೆ ಬಂದು ತಮ್ಮ ಕತೆ ಹೇಳಿಕೊಂಡರು, ನಡುನಡುವೆ ಹಾಡಿದರು, ನಿದ್ದೆ ಬಾರದಂತೆ ಕುಣಿದರು. ಮರುದಿನ ಸಂಜೆಯ ಹೊತ್ತಿಗೆ ಪೊಲೀಸರು ಬಸ್ಸುಗಳನ್ನು ಸರಿಸಿದರು, ಒಂದಷ್ಟು ಟ್ರ್ಯಾಕ್ಟರುಗಳು ನಗರದೊಳಗೆ ಹೊರಟವು.

ಥಾಯ್ಲೆಂಡಿನ ಹುಡುಗರು ಇನ್ನೂ ಕಿಡಿಗೇಡಿಗಳು. 2020ರ ಜುಲೈ 26ರಂದು ಬ್ಯಾಂಕಾಕಿನ ಪ್ರಜಾಪ್ರಭುತ್ವ ಸ್ಮಾರಕದ ಸುತ್ತ ಅವರು ಓಡಿದರು, ಓಡುತ್ತಾ ಹಾಡಿದ್ದು ಹ್ಯಾಮ್ಟಾರೊ ಎಂಬ ಜಪಾನಿ ಮಕ್ಕಳ ಕಾರ್ಟೂನಿನ ಹಾಡು. ಸಣ್ಣ ಇಲಿಮರಿಗೆ ಅತ್ಯಂತ ಇಷ್ಟವಾದ ತಿನಿಸು ಜನರ ತೆರಿಗೆ ಹಣ ಎಂದು ಪದ ಬದಲಿಸಿದ್ದರು. ಮಕ್ಕಳ ಹಾಡು ಹಾಡಿದವರನ್ನು ಯಾವ ಕಲಮಿನಡಿ ಹಿಡಿಯುವುದು ಎಂಬ ಇಕ್ಕಟ್ಟು ಸರ್ಕಾರದ್ದು.

ಎಲ್ಲರ ಬಾಯಿಗೂ ಬರುವ ಹಾಡು ಯಾವಾಗಲೂ ಗುಂಪಿನ ಪರವಾಗಿಯೇ ಇರುತ್ತದೆ ಎಂದೇನೂ ಇಲ್ಲ. 2019ರ ಡಿಸೆಂಬರ್ 19ರಂದು ಬೆಂಗಳೂರಿನ ಟೌನ್‌ಹಾಲ್ ಮುಂದೆ, ನಿಷೇಧಾಜ್ಞೆಯ ನಡುವೆ, ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ಸೇರಿದ್ದ ಜನರನ್ನು ಚದುರಿಸಲು ಪೊಲೀಸ್ ಅಧಿಕಾರಿಯೊಬ್ಬರು ಲಾಠಿ ಎತ್ತದೆ ರಾಷ್ಟ್ರಗೀತೆ ಎತ್ತಿಕೊಂಡದ್ದು ಹಲವರಿಗೆ ನೆನಪಿರಬಹುದು. ಕೂತವರು ಎದ್ದು ನಿಂತರು, ಜೊತೆಯಲ್ಲಿ ಹಾಡಿದರು, ಹಾಡು ಮುಗಿದ ಮೇಲೆ ಹೊರಟುಹೋದರು. ಲಾಠಿಗಿಂತ ಎಷ್ಟೋ ಮೇಲು, ಅನುಮಾನವಿಲ್ಲ. ಎದ್ದು ನಿಂತವರು ಮತ್ತೆ ಕೂರುವುದು ಕಷ್ಟ ಎಂಬುದು ಆ ಅಧಿಕಾರಿಗೆ ಗೊತ್ತಿತ್ತು. ಸೋಲ್‌ನಲ್ಲೂ ಅಧ್ಯಕ್ಷ ಯೂನ್ ಪರವಾಗಿ ಸೇರಿದ ಸಭೆಗಳಲ್ಲಿ ಕ್ರೈಸ್ತ ಭಕ್ತಿಗೀತೆಗಳು ಮೊಳಗಿದವು. ಆ ಹಾಡುಗಳೂ ಅಲ್ಲಿ ನೆರೆದವರಿಗೆ ಬಾಲ್ಯದಿಂದ ಬಾಯಿಗೆ ಬಂದವೇ.

ನನ್ನನ್ನು ಕಾಡುವುದು ಇನ್ನೊಂದು ಸಂಗತಿ. 'ಬೆಳಗಿನ ಇಬ್ಬನಿ'ಯನ್ನು ಬರೆದವನು ಅದೇ ಗುಂಪಿನಲ್ಲಿ ನಿಂತಿದ್ದ. ಇಂದಿನ ಹಾಡುಗಳು ದೊಡ್ಡ ಕಂಪನಿಗಳ ಸೊತ್ತು. ರಾಜಕೀಯದ ಬಗ್ಗೆ ತುಟಿ ಬಿಚ್ಚದಿರುವುದೇ ಆ ಉದ್ಯಮದ ರೂಢಿ, ಬೀದಿಯಲ್ಲಿ ಯಾರ ಹಾಡು ಮೊಳಗುತ್ತಿದೆಯೋ ಅವರಲ್ಲಿ ಬಹುತೇಕರು ಮಾತಾಡುವುದಿಲ್ಲ. ಇದನ್ನು ಮಗಳ ಮುಂದೆ ಹೇಳಿದಾಗ ಅವಳು, "ಹಾಡು ಕೊಂಡವರು ನಾವು, ದೊಡ್ಡಮ್ಮ. ಅವರು ಹಾಡಿ ಮುಗಿಸಿದ್ದಾರೆ" ಎಂದಳು. ಒಪ್ಪಲು ನನಗೆ ಪೂರ್ತಿ ಮನಸ್ಸಾಗಲಿಲ್ಲ, ತಿರುಗಿ ಹೇಳಲು ಮಾತೂ ಸಿಗಲಿಲ್ಲ.

2025ರ ಏಪ್ರಿಲ್ 4ರಂದು ಸಾಂವಿಧಾನಿಕ ನ್ಯಾಯಾಲಯದ ಎಂಟೂ ನ್ಯಾಯಮೂರ್ತಿಗಳು ಒಮ್ಮತದಿಂದ ಯೂನ್ ಅವರನ್ನು ಪದಚ್ಯುತಗೊಳಿಸಿದರು. ಆ ವಾರ ಊರಿಗೆ ಬಂದಿದ್ದ ಮಗಳ ಚೀಲದಲ್ಲಿ ಒಂದು ನೋಟ್‌ಬುಕ್ ಇತ್ತು. ಅದರಲ್ಲಿ 'ಪ್ರಿಯರಿಗಾಗಿ ನಡೆಗೀತೆ'ಯನ್ನು ಅವಳು ಕನ್ನಡ ಲಿಪಿಯಲ್ಲಿ ಬರೆದುಕೊಂಡಿದ್ದಳು. ಕೊರಿಯನ್ನಿನ ಒಂದು ಸ್ವರಕ್ಕೆ ನಮ್ಮಲ್ಲಿ ಅಕ್ಷರವಿಲ್ಲವಂತೆ, 'ಉ'ವನ್ನು ತುಟಿ ಮುಂದೆ ಚಾಚದೆ ಹೇಳಬೇಕಂತೆ. ಆ ಸ್ವರ ಬಂದಲ್ಲೆಲ್ಲ ಕೊಂಬಿನ ಕೆಳಗೆ ಕೆಂಪು ಇಂಕಿನಲ್ಲಿ ಒಂದು ಗೆರೆ ಎಳೆದಿದ್ದಳು. ಒಂದು ಪುಟವೂ ತುಂಬಿರಲಿಲ್ಲ. ನಾನು ಹಾಳೆ ತಿರುವಿ, "ಎರಡನೇ ಚರಣ ಎಲ್ಲಿ?" ಎಂದು ಕೇಳಿದೆ. "ಇದಕ್ಕೆ ಎರಡನೇ ಚರಣವೇ ಇಲ್ಲ ದೊಡ್ಡಮ್ಮ, ಇರೋದು ಇಷ್ಟೇ. ಕೊನೆಯ ಸಾಲುಗಳನ್ನ ಇನ್ನೊಂದು ಸಲ ಹೇಳ್ತಾರೆ" ಎಂದಳು.